ಬಣ್ಣವಿಲ್ಲದ ಒಂದು ಫೋಟೋ

ಹಲ್ಲುಜ್ಜಿ ಬಾಯಿಗೆ ಹಾಕಿಕೊಂಡ ನೀರು ಬಾಯಿಯಲ್ಲಿ ನಿಲ್ಲಲಿಲ್ಲ. ಬಲಗಡೆಯ ತುಟಿಯಂಚಿನಿಂದ ಸೋರಿ ಗಲ್ಲಕ್ಕಿಳಿದು ಬನಿಯನನ್ನು ಒದ್ದೆ ಮಾಡಿತು. ಜಿತೇಂದ್ರ ಇನ್ನೊಮ್ಮೆ ಮುಕ್ಕಳಿಸಿ ನೋಡಿದ. ಮತ್ತೆ ಸೋರಿತು. ಪಕ್ಕದಲ್ಲೇ ಬ್ರಷ್ ಕಚ್ಚಿಕೊಂಡು ನಿಂತಿದ್ದ ಮಗಳು ಪೂಜಾಶ್ರೀ ತಂದೆಯ ಮುಖ ನೋಡಿ ಕಿಸಕ್ಕೆಂದು ನಕ್ಕಳು.

"ಪಪ್ಪಾ, ಇದು ಹೊಸ ನಾಟಕದ್ದಾ? ಇನ್ನೊಮ್ಮೆ ಮಾಡಿ."

ಅವನು ಏನನ್ನೂ ಮಾಡಿರಲಿಲ್ಲ. ಬಾತ್‌ರೂಮಿನ ಕನ್ನಡಿಗೆ ಮುಖ ಕೊಟ್ಟಾಗ ಅಲ್ಲಿ ಕಂಡದ್ದು ಎಡಕ್ಕೆ ಎಳೆದುಕೊಂಡ ಒಂದು ಬಾಯಿ, ಜೋತುಬಿದ್ದ ಬಲಗೆನ್ನೆ, ರೆಪ್ಪೆ ಬಡಿಯದೆ ದಿಟ್ಟಿಸುತ್ತಿದ್ದ ಬಲಗಣ್ಣು. ಹುಬ್ಬು ಎತ್ತಲು ನೋಡಿದ. ಎಡದ ಹುಬ್ಬು ಎದ್ದಿತು, ಬಲದ್ದು ಮಲಗಿಯೇ ಇತ್ತು. ಹೆಂಡತಿಯನ್ನು ಕರೆಯಲು ಬಾಯಿ ತೆರೆದರೆ ಮಾತು ಗಾಳಿಯಾಗಿ ಹೊರಟಿತು. ಅಡುಗೆಮನೆಯಿಂದ ಬಂದ ಯಶ್ಮಿತಾ ಕೂಡ ಮೊದಲು ನಕ್ಕಳು. "ಬೆಳಿಗ್ಗೆ ಬೆಳಿಗ್ಗೆ ಎಂತ ಇವರದ್ದು ಕೋಲ" ಎಂದು ಒಳಗೆ ತಿರುಗುತ್ತಿದ್ದವಳು ಅರ್ಧದಲ್ಲಿ ನಿಂತು, ಹಿಂದೆ ಬಂದು, ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಆಮೇಲೆ ಅವಳು ನಗಲಿಲ್ಲ.

ಅವರ ತಪ್ಪು ಎಂದು ಹೇಳುವ ಹಾಗಿಲ್ಲ. ಜಿತೇಂದ್ರ ಕಾಸರಗೋಡು ಗಡಿಯ ವರ್ಕಾಡಿ ಊರಿನವನು. ಮಳೆಗಾಲದಲ್ಲಿ ಹೊಸಂಗಡಿಗೆ ಜೀಪು ಓಡಿಸುತ್ತಿದ್ದ; ದೀಪಾವಳಿ ಕಳೆದ ಮೇಲೆ ಯೋಗೀಶಣ್ಣನ ತುಳು ನಾಟಕ ತಂಡದಲ್ಲಿ ಹಾಸ್ಯದ ಪಾತ್ರ ಮಾಡುತ್ತಿದ್ದ. ಮಂಜೇಶ್ವರದಿಂದ ಮುಲ್ಕಿಯವರೆಗೆ ಅವನನ್ನು ಹೆಸರಿನಿಂದ ಬಲ್ಲವರು ಕಡಿಮೆ, ಮುಖ ತಿರುಚುವ ರೀತಿಯಿಂದ ಬಲ್ಲವರು ಹೆಚ್ಚು. ಹಲ್ಲಿಲ್ಲದ ಅಜ್ಜಿ, ಕುಡಿದು ಬಂದ ಮದುಮಗ, ಸುಳ್ಳು ಹೇಳುವ ಬ್ರೋಕರ್ — ಬಾಯಿ ತೆರೆಯುವ ಮೊದಲೇ ಜನ ನಗುತ್ತಿದ್ದರು. ಅದು ಅವನ ಅನ್ನ. ಅಂಥವನ ಮುಖ ಸೊಟ್ಟಗಾದರೆ ಯಾರು ನಂಬುತ್ತಾರೆ?

ಆ ದಿನವೇ ಹಾಗಾಗಬೇಕಿತ್ತೇ ಎಂಬುದು ಅವನ ಸಂಕಟ. ಕಾಸರಗೋಡಿನಲ್ಲಿ ಒಂದು ಮಲಯಾಳಂ ಸಿನೆಮಾಕ್ಕೆ ಹೊಸ ಮುಖಗಳನ್ನು ಹುಡುಕುತ್ತಿದ್ದಾರೆಂದು ವಾಟ್ಸಾಪಿನಲ್ಲಿ ಬಂದಿತ್ತು. ನಲ್ವತ್ತರ ಆಚೀಚೆಯ ಗಂಡಸು ಬೇಕು, ತುಳು, ಕನ್ನಡ, ಮಲಯಾಳಂ ಮೂರೂ ಬರಬೇಕು, ಗಡಿ ಊರಿನ ಜೀಪ್ ಚಾಲಕನ ಪಾತ್ರ. ಅದನ್ನು ಓದಿದಾಗ ಜಿತೇಂದ್ರನಿಗೆ ಯಾರೋ ತನ್ನನ್ನೇ ನೋಡಿ ಬರೆದಂತೆ ಅನಿಸಿತ್ತು. ಕಳುಹಿಸಬೇಕಾದದ್ದು ಎರಡೇ: ಮೇಕಪ್ಪು, ಫಿಲ್ಟರ್ ಯಾವುದೂ ಇಲ್ಲದ ಭುಜದವರೆಗಿನ ಒಂದು ಫೋಟೋ, ಒಂದು ಪುಟದ ಬಯೋಡಾಟಾ. ಕೊನೆಯ ದಿನ ಶುಕ್ರವಾರ. ಅಂದು ಬುಧವಾರ. ಹೊಸಂಗಡಿಯ ಸ್ಟುಡಿಯೋಗೆ ಹೋಗಲೆಂದು ಹಿಂದಿನ ದಿನವೇ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿ ಇಟ್ಟಿದ್ದ.

ಶರ್ಟು ಹಾಕಿಕೊಂಡು ಹೋದದ್ದು ಆಸ್ಪತ್ರೆಗೆ. ಡಾಕ್ಟರು ಹಣೆ ಸುಕ್ಕು ಮಾಡಿ ಎಂದರು, ಕಣ್ಣು ಗಟ್ಟಿಯಾಗಿ ಮುಚ್ಚಿ ಎಂದರು, ಕೈಕಾಲು ಎತ್ತಿಸಿದರು. "ಹೆದರ್ಬೇಡಿ, ಸ್ಟ್ರೋಕ್ ಅಲ್ಲ. ಮುಖದ ನರಕ್ಕೆ ಬಾವು ಬಂದಿದೆ. ಹೆಚ್ಚಿನವರಿಗೆ ಸರಿಯಾಗ್ತದೆ" ಎಂದು ಮಾತ್ರೆ, ಕಣ್ಣಿನ ಹನಿ ಬರೆದುಕೊಟ್ಟರು. ಮಲಗುವಾಗ ಬಲಗಣ್ಣನ್ನು ಟೇಪು ಅಂಟಿಸಿ ಮುಚ್ಚಬೇಕು, ಇಲ್ಲದಿದ್ದರೆ ಕಣ್ಣು ಒಣಗಿ ಹಾಳಾಗುತ್ತದೆ ಎಂದರು.

"ಶುಕ್ರವಾರದ ಒಳಗೆ ಆಗ್ತದಾ ಡಾಕ್ಟ್ರೇ?" ಎಂದು ಜಿತೇಂದ್ರ ಕೇಳಿದ.

ಡಾಕ್ಟರು ಅವನನ್ನು ಒಮ್ಮೆ ನೋಡಿದರು. "ಕೆಲವರಿಗೆ ವಾರಗಳು ಸಾಕು. ಕೆಲವರಿಗೆ ತಿಂಗಳುಗಳು ಬೇಕು. ನರಕ್ಕೆ ನಾವು ತಾರೀಕು ಕೊಡ್ಲಿಕ್ಕೆ ಆಗುವುದಿಲ್ಲ."

ಸಂಜೆ ಯೋಗೀಶಣ್ಣ ಮನೆಗೆ ಬಂದರು. ಶನಿವಾರ ಪೈವಳಿಕೆಯಲ್ಲಿ ನಾಟಕವಿತ್ತು. ಜಗಲಿಯಲ್ಲಿ ಕುಳಿತು, ಜಿತೇಂದ್ರ ಚಾ ಕುಡಿಯಲು ಪಡುತ್ತಿದ್ದ ಪಾಡನ್ನು ನೋಡಿ ಅವರೂ ತುಟಿ ಕಚ್ಚಿ ನಗು ತಡೆದರು. ಆಮೇಲೆ ತಾವೇ ನಾಚಿ ತಲೆ ತಗ್ಗಿಸಿದರು.

"ಒಂದು ಡೈಲಾಗ್ ಹೇಳಿ ನೋಡು."

ಜಿತೇಂದ್ರ ಹೇಳಿದ. ತುಟಿ ಕೂಡಿ ಹುಟ್ಟಬೇಕಾದ ಅಕ್ಷರಗಳು ಹುಟ್ಟಲಿಲ್ಲ. 'ಬಾವ' ಎಂಬುದು 'ವಾವ' ಆಯಿತು, ಹುಡುಗಿ ಎಂಬರ್ಥದ 'ಪೊಣ್ಣು' 'ಫೊಣ್ಣು' ಆಯಿತು. ಯೋಗೀಶಣ್ಣ ಅಂಗಳದ ಕಡೆ ಮುಖ ತಿರುಗಿಸಿದರು.

"ನೀನು ರೆಸ್ಟ್ ಮಾಡು ಮಾರಾಯ. ಈ ಸೀಸನ್ ತುಷಾರ್ ಮಾಡ್ಲಿ. ಅವನಿಗೆ ನಿನ್ನದೆಲ್ಲ ಬಾಯಿಪಾಠ ಉಂಟು."

"ಮುಂದಿನ ಸೀಸನ್?"

"ಮುಂದಿನದ್ದು ಮುಂದೆ ನೋಡುವ" ಎಂದು ಅವರು ಎದ್ದರು. ಅವರ ಬೈಕು ಇಳಿಜಾರು ಇಳಿದು ಹೋಗುವವರೆಗೂ ಜಿತೇಂದ್ರ ಜಗಲಿಯ ಕಂಬ ಹಿಡಿದೇ ನಿಂತಿದ್ದ. ತಂಡದ ಹುಡುಗ ತುಷಾರ್ ಎರಡು ವರ್ಷದಿಂದ ಪರದೆಯ ಮರೆಯಲ್ಲಿ ನಿಂತು ತನ್ನನ್ನು ಏಕೆ ಅಷ್ಟು ಕಣ್ಣಿಟ್ಟು ನೋಡುತ್ತಿದ್ದನೆಂಬುದು ಅವನಿಗೆ ಆಗ ಹೊಳೆಯಿತು.

ಇನ್ನು ಉಳಿದದ್ದು ಸಿನೆಮಾ ಒಂದೇ. ಹಳೆಯ ಫೋಟೋ ಯಾವುದಾದರೂ ಕಳುಹಿಸಿಬಿಡುವ ಎಂದು ಗುರುವಾರ ಬೆಳಿಗ್ಗೆ ಅವನು ಮನೆಯ ಕಪಾಟು, ಪೆಟ್ಟಿಗೆ, ಮೊಬೈಲು ಎಲ್ಲ ಜಾಲಾಡಿದ. ಫೋಟೋಗಳೇನೋ ರಾಶಿ ಇದ್ದವು. ಆದರೆ ಒಂದರಲ್ಲಿ ಅವನು ಸೀರೆ ಉಟ್ಟ ಅಜ್ಜಿ. ಇನ್ನೊಂದರಲ್ಲಿ ಕೆನ್ನೆಗೆ ಮಸಿ ಬಳಿದ ಕಳ್ಳ. ಮತ್ತೊಂದರಲ್ಲಿ ಅಂಟಿಸಿದ ಮೀಸೆ, ಹತ್ತಿ ತುರುಕಿದ ಗಲ್ಲ, ವಿಗ್ಗು. ಸನ್ಮಾನದ ಫೋಟೋದಲ್ಲೂ ನಾಟಕ ಮುಗಿಸಿ ಬಣ್ಣ ಒರೆಸದೆ ಶಾಲು ಹೊದ್ದಿದ್ದ. ಮದುವೆಯ ಆಲ್ಬಮಿನಲ್ಲಿದ್ದವನು ಪೇಟ ಸುತ್ತಿ ಪೌಡರ್ ಮೆತ್ತಿಕೊಂಡ ಬಡಕಲು ಹುಡುಗ. ಆಧಾರ್ ಕಾರ್ಡಿನ ಮುಖ ಪೋಲೀಸರು ಹುಡುಕುತ್ತಿರುವವನ ಹಾಗಿತ್ತು. ಇಷ್ಟು ವರ್ಷ ಊರೂರು ಮುಖ ತೋರಿಸಿಕೊಂಡು ಬಂದವನ ಹತ್ತಿರ ತನ್ನದೇ ಮುಖದ ಒಂದು ಫೋಟೋ ಇರಲಿಲ್ಲ. ಅವನು ನೆಲದ ಮೇಲೆ ಫೋಟೋಗಳ ನಡುವೆ ಕುಳಿತ. ಮುಚ್ಚಲಾಗದ ಕಣ್ಣಿನಿಂದ ನೀರು ತಾನಾಗಿ ಇಳಿಯುತ್ತಿತ್ತು. ಅಳುತ್ತಿದ್ದೇನೋ ಇಲ್ಲವೋ ಎಂಬುದು ಅವನಿಗೇ ತಿಳಿಯುತ್ತಿರಲಿಲ್ಲ.

ಮಧ್ಯಾಹ್ನ ಕರವಸ್ತ್ರದಿಂದ ಅರ್ಧ ಮುಖ ಮುಚ್ಚಿಕೊಂಡು ಹೊಸಂಗಡಿಯ ಸ್ಟುಡಿಯೋದ ಮೆಟ್ಟಿಲು ಹತ್ತಿದ. ಸ್ಟುಡಿಯೋದ ಶಿಹಾಬ್ ಅವನಿಗೆ ಹಳೆಯ ಪರಿಚಯ. ದುಬಾಯಿಯಲ್ಲಿ ಫೋಟೋ ಕೆಲಸ ಕಲಿತು ಬಂದವನು, ನಾಟಕದ ಪೋಸ್ಟರುಗಳನ್ನೆಲ್ಲ ಅವನೇ ಮಾಡುವುದು. ಜಿತೇಂದ್ರ ಕರವಸ್ತ್ರ ತೆಗೆದ.

"ಅಲ್ಲಾ! ಎಂತ ಆಯ್ತು ಜಿತ್ತಣ್ಣ?"

ಎಲ್ಲ ಹೇಳಿದ ಮೇಲೆ ಶಿಹಾಬ್ ಅವನನ್ನು ಸ್ಟೂಲಿನ ಮೇಲೆ ಕೂರಿಸಿದ. ಬಲಗಡೆಗೆ ನೆರಳು ಬೀಳಿಸಿ ತೆಗೆದ, ಎಡಕ್ಕೆ ಓರೆಯಾಗಿ ಕೂರಿಸಿ ತೆಗೆದ, ಕೈಯನ್ನು ಗಲ್ಲಕ್ಕೆ ಕೊಡಿಸಿ ತೆಗೆದ. ಯಾವುದರಲ್ಲೂ ಆ ತೆರೆದ ಕಣ್ಣು ಮರೆಯಾಗಲಿಲ್ಲ.

"ಅವರು ಎದುರು ಮುಖ ಕೇಳಿದ್ದು. ಓರೆ ಕಳಿಸಿದ್ರೆ ನೋಡುವುದೇ ಇಲ್ಲ" ಎಂದ ಶಿಹಾಬ್. ಕಂಪ್ಯೂಟರಿನ ಮುಂದೆ ಕುಳಿತವನು, "ಒಂದು ಉಪಾಯ ಉಂಟು. ಮಾಡ್ಲಾ?" ಎಂದು ಕೇಳಿದ. "ಮಾಡು" ಎಂದ ಜಿತೇಂದ್ರ.

ಶಿಹಾಬ್ ಎದುರಿನಿಂದ ಒಂದು ಫೋಟೋ ತೆಗೆದು, ಅದರಲ್ಲಿ ಮುಖವನ್ನು ನಡುವೆ ಎರಡಾಗಿ ಸೀಳಿದ. ಕೆಟ್ಟ ಬಲಭಾಗವನ್ನು ಅಳಿಸಿದ. ಒಳ್ಳೆಯ ಎಡಭಾಗವನ್ನು ಮಗುಚಿ ಬಲಕ್ಕೆ ಜೋಡಿಸಿದ. ಪರದೆಯ ಮೇಲೆ ಒಬ್ಬ ಮನುಷ್ಯ ಎದ್ದು ನಿಂತ. ಎರಡು ಕೆನ್ನೆಯಲ್ಲೂ ಒಂದೊಂದು ಮಚ್ಚೆ ಇದ್ದವನು. ಶಿಹಾಬ್ ಒಂದು ಮಚ್ಚೆ ಒರೆಸಿದ, ಕೂದಲಿನ ಬೈತಲೆ ಸರಿಮಾಡಿದ, ಒಂದು ಕಿವಿಯನ್ನು ಸ್ವಲ್ಪ ಕೆಳಗಿಳಿಸಿದ. ನೋಡಲು ಚಂದವೇ ಇತ್ತು. ಜಿತೇಂದ್ರನಿಗೆ ತನ್ನ ದಾಯಾದಿ ಯಾರನ್ನೋ ನೋಡಿದ ಹಾಗಾಯಿತು.

"ಇದು ಮೋಸ ಅಲ್ವಾ ಶಿಹಾಬ್?"

"ಎರಡು ಭಾಗವೂ ನಿಮ್ಮದೇ ಅಲ್ವಾ? ಬೇರೆಯವರ ಮುಖ ಎಂತ ತಂದು ಹಾಕಿದ್ದಲ್ಲ. ಅವರು ಕರೆಯುವಷ್ಟರಲ್ಲಿ ನಿಮ್ಮದು ಸರಿಯಾಗಿರ್ತದೆ."

ಜಿತೇಂದ್ರನಿಗೂ ಬೇಕಾಗಿದ್ದದ್ದು ಆ ಮಾತೇ.

ಆಮೇಲೆ ಬಯೋಡಾಟಾ. ಯಶ್ಮಿತಾ ತಮ್ಮನ ಮದುವೆಗೆ ಮಾಡಿಸಿದ್ದ ಮಾದರಿಯನ್ನೇ ನೋಡಿ ಅವನು ಬರೆದು ತಂದಿದ್ದ. ಮೇಲೆ ಗಣಪತಿ, ಕೆಳಗೆ ತಂದೆಯ ಹೆಸರು, ಗೋತ್ರ, ನಕ್ಷತ್ರ, ಮನೆಯ ಜಾಗ ಎಲ್ಲ ಇತ್ತು. ಶಿಹಾಬ್ ಓದಿ ತಲೆ ಮೇಲೆ ಕೈ ಹೊತ್ತ.

"ಇದೆಂತ ಜಿತ್ತಣ್ಣ, ಹುಡುಗಿ ನೋಡ್ಲಿಕ್ಕೆ ಹೊರಟದ್ದಾ? ಅವರಿಗೆ ನಿಮ್ಮ ನಕ್ಷತ್ರ ಯಾಕೆ? ಎತ್ತರ ಎಷ್ಟು, ಯಾವ ಭಾಷೆ ಬರ್ತದೆ, ಎಷ್ಟು ನಾಟಕ ಮಾಡಿದ್ದೀರಿ, ಎಂತೆಂತ ಪಾತ್ರ, ಬೇರೆ ಎಂತ ವಿದ್ಯೆ ಉಂಟು, ಅಷ್ಟು ಸಾಕು. ಒಂದು ಪುಟ. ಅವರು ಅರ್ಧ ನಿಮಿಷ ನೋಡುವುದು."

ನಾಟಕಗಳ ಹೆಸರು ಹಾಕಿದರು. ಪಾತ್ರಗಳ ಹೆಸರು ಹಾಕಿದರು. ಹಾಕಿ ನೋಡಿದರೆ ಎಲ್ಲವೂ 'ಅಜ್ಜಿ', 'ಕುಡುಕ', 'ಬ್ರೋಕರ್' ಎಂದೇ ಇತ್ತು. ಅಷ್ಟು ವರ್ಷ ಜನರನ್ನು ನಗಿಸಿ ಮನೆಗೆ ಕಳುಹಿಸಿದ್ದು ಕಾಗದದ ಮೇಲೆ ನಾಲ್ಕು ಬೆರಳಿನಷ್ಟು ಜಾಗಕ್ಕೂ ಸಾಲಲಿಲ್ಲ.

"ವಿದ್ಯೆ ಅಂತ ಎಂತ ಹಾಕುವ? ಜೀಪು ಓಡಿಸ್ತೀರಿ. ಈಜು?"

"ಬರ್ತದೆ."

"ಫೈಟಿಂಗಿಗೆ ಕಳರಿ ಕಲ್ತದ್ದು ಉಂಟಾ?"

ಇರಲಿಲ್ಲ. ಶಿಹಾಬನ ಬೆರಳು ಕೀಬೋರ್ಡಿನ ಮೇಲೆ ನಿಂತು ಕಾಯುತ್ತಿತ್ತು. ಬಿಟ್ಟ ಜಾಗ ಬಿಳಿಯಾಗಿ ಕಾಣುತ್ತಿತ್ತು. "ಹಾಕು" ಎಂದ ಜಿತೇಂದ್ರ.

ಶುಕ್ರವಾರಕ್ಕೆ ಕಾಯದೆ ಅಲ್ಲಿಂದಲೇ ಕಳುಹಿಸಿದರು.

ಮನೆಗೆ ಬಂದು ಫೋಟೋವನ್ನು ಯಶ್ಮಿತಾಳಿಗೆ ತೋರಿಸಿದ. ಅವಳು ಮೊಬೈಲನ್ನು ಹತ್ತಿರ ಹಿಡಿದಳು, ದೂರ ಹಿಡಿದಳು.

"ಇದು ಯಾರು?"

"ನಾನೇ."

"ಹೌದಾ" ಎಂದಷ್ಟೇ ಹೇಳಿ ಅವಳು ಮೊಬೈಲು ಹಿಂದಿರುಗಿಸಿದಳು. ರಾತ್ರಿ ಊಟಕ್ಕೆ ಅವನಿಗೆಂದು ಗಂಜಿ ತೆಳ್ಳಗೆ ಮಾಡಿ ಇಟ್ಟಿದ್ದಳು. ಫೋಟೋದ ಸುದ್ದಿ ಮತ್ತೆ ಎತ್ತಲಿಲ್ಲ.

ಮುಂದಿನ ದಿನಗಳಲ್ಲಿ ಮನೆಗೆ ಬಂದವರೆಲ್ಲ ಒಂದೊಂದು ಮದ್ದು ಹೇಳಿದರು. ಫ್ಯಾನಿನ ಗಾಳಿಯಿಂದ ಆದದ್ದು ಎಂದವರುಂಟು, ಯಾವುದೋ ದೈವದ ಗುಡಿಯ ನಡೆಯಲ್ಲಿ ತಪ್ಪಿ ನಡೆದದ್ದಿರಬೇಕು ಎಂದವರುಂಟು. ಜಿತೇಂದ್ರ ಮಾತ್ರೆಯನ್ನೂ ನುಂಗಿದ, ಹರಕೆಯನ್ನೂ ಹೇಳಿಕೊಂಡ, ಕನ್ನಡಿಯ ಮುಂದೆ ಕುಳಿತು ಬೆರಳಿನಿಂದ ಬಲಗೆನ್ನೆಯನ್ನು ಮೇಲಕ್ಕೆ ತಳ್ಳುತ್ತ 'ಪ, ಫ, ಬ, ಭ' ಎಂದು ಮಕ್ಕಳ ಹಾಗೆ ಹೇಳಿದ. ಬೆರಳು ತೆಗೆದರೆ ಕೆನ್ನೆ ತಿರುಗಿ ಬೀಳುತ್ತಿತ್ತು.

ಆಗಲೇ ಕರೆ ಬಂತು. ಅನಘಾ ಎಂಬ ಹುಡುಗಿ, ಆಯ್ಕೆಯ ಜವಾಬ್ದಾರಿ ಅವಳದ್ದಂತೆ, ಅವನನ್ನು ಅಣ್ಣ ಎಂದು ಕರೆದು ಮಲಯಾಳಂನಲ್ಲಿ ಮಾತಾಡಿದಳು. "ಚೇಟ್ಟಾ, ನಿಮ್ಮ ಫೋಟೋ ನಮಗೆಲ್ಲ ಹಿಡಿಸಿದೆ. ಸೋಮವಾರ ಕಾಸರಗೋಡಿಗೆ ಬನ್ನಿ." ಅವನು ತುಟಿಯನ್ನು ಕೈಯಲ್ಲಿ ಒತ್ತಿ ಹಿಡಿದು "ಶರಿ ಮೇಡಂ" ಎಂದ. ಸಿಗ್ನಲ್ ಸರಿಯಿಲ್ಲವೆಂದು ಅವಳು ತಿಳಿದುಕೊಂಡಿರಬೇಕು.

ಸೋಮವಾರ ಯಶ್ಮಿತಾ ತಾನೂ ಬರುತ್ತೇನೆಂದು ಹೊರಟಳು. ಬಸ್ಸಿನಲ್ಲಿ ಅವನು ಬಲಗೆನ್ನೆಯನ್ನು ಕಿಟಕಿಯ ಕಡೆ ಮಾಡಿ ಕುಳಿತ. ಅವಳು ದಾರಿಯುದ್ದಕ್ಕೂ ಒಂದೇ ಮಾತು ಹೇಳಿದಳು: "ಒಳಗೆ ಹೋದ ತಕ್ಷಣ ಮೊದಲು ನೀವೇ ಹೇಳಿಬಿಡಿ."

ಅವನು ತಲೆ ಆಡಿಸಿದ.

ಹೊಸ ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜ್ ಒಂದರ ಸಭಾಂಗಣದಲ್ಲಿ ಪರೀಕ್ಷೆ ನಡೆಯುತ್ತಿತ್ತು. ಯಶ್ಮಿತಾ ಹೊರಗಿನ ಬೆಂಚಿನಲ್ಲಿ ಉಳಿದಳು. ಒಳಗೆ ಮೇಜಿನ ಹಿಂದೆ ಕನ್ನಡಕದ ಅನಘಾ, ಗಡ್ಡದ ಯುವ ನಿರ್ದೇಶಕ, ಕ್ಯಾಮರಾ ಹಿಡಿದ ಇನ್ನೊಬ್ಬ. ಗೋಡೆಯ ಮೇಲೆ ಅಂಟಿಸಿದ ಫೋಟೋಗಳ ನಡುವೆ ಆ ಒಂದೇ ಮಚ್ಚೆಯ ಮನುಷ್ಯ ಇವನನ್ನೇ ನೋಡುತ್ತಿದ್ದ. ಹೇಳಬೇಕೆಂದುಕೊಂಡದ್ದನ್ನು ಹೇಳದೆ ಜಿತೇಂದ್ರ ಬೆವರು ಒರೆಸುವವನ ಹಾಗೆ ಕರವಸ್ತ್ರದಿಂದ ಅರ್ಧ ಮುಖ ಮುಚ್ಚಿಕೊಂಡ. ಮೊದಲು ಅಭಿನಯ ಮಾಡಿಬಿಡುತ್ತೇನೆ, ಇಷ್ಟವಾದ ಮೇಲೆ ಹೇಳುತ್ತೇನೆ ಎಂದು ಆ ಗಳಿಗೆಯಲ್ಲಿ ನಿರ್ಧರಿಸಿಬಿಟ್ಟ.

ಅವನಿಗೆ ದೃಶ್ಯ ವಿವರಿಸಿದರು. ಜೀಪಿನವನನ್ನು ಪೋಲೀಸರು ಠಾಣೆಗೆ ಕರೆಸಿದ್ದಾರೆ. ರಸ್ತೆಯಲ್ಲಿ ಒಬ್ಬನನ್ನು ಹೊಡೆದು ಹಾಕಿದ್ದನ್ನು ಅವನು ನೋಡಿದ್ದಾನೆ, ಆದರೆ ನೋಡಿಲ್ಲವೆಂದು ಹೇಳಬೇಕು. ಹೊಡೆದವರು ಅವನ ಊರಿನವರೇ.

ಜಿತೇಂದ್ರ ಕರವಸ್ತ್ರವನ್ನು ಜೇಬಿಗೆ ಹಾಕಿ ಕೈಕಟ್ಟಿ ನಿಂತ. "ನಾನು ಎಂತ ನೋಡ್ಲಿಲ್ಲ ಸಾರ್" ಎಂದ. ನೋಡ್ಲಿಲ್ಲ ಎನ್ನುವಾಗ ಎಡಗಣ್ಣು ನೆಲ ನೋಡಿ ಮುಚ್ಚಿತು, ಬಲಗಣ್ಣು ಮಾತ್ರ ತೆರೆದೇ ನಿಂತು ನೀರು ಸುರಿಸಿತು. ಆಮೇಲೆ ಅದನ್ನೇ ತುಳುವಿನಲ್ಲಿ, ಮಲಯಾಳಂನಲ್ಲಿ ಹೇಳಿದ. ಮಾತು ಅರ್ಧ ಬಾಯಿಯಿಂದ ಹೊರಟು ಅರ್ಧ ಒಳಗೇ ಉಳಿಯಿತು. ಅವನು ಯಾರನ್ನೂ ನಗಿಸಲು ನೋಡುತ್ತಿರಲಿಲ್ಲ. ಕ್ಯಾಮರಾದವನು ಕ್ಯಾಮರಾದಿಂದ ತಲೆ ಎತ್ತಿ ಬರಿಗಣ್ಣಿನಿಂದ ನೋಡಿದ.

ನಿರ್ದೇಶಕ ಮೇಜು ತಟ್ಟಿದ. "ಎಂಥ ಕಂಟ್ರೋಲು ಚೇಟ್ಟಾ! ಆ ಕಣ್ಣು! ಆದರೆ ನಮ್ಮ ಜೀಪಿನವನಿಗೆ ಆ ಮುಖದ ವಿದ್ಯೆ ಬೇಡ. ಈಗ ಅದನ್ನು ಬಿಟ್ಟು ಸಾದಾ ಮುಖದಲ್ಲಿ ಒಮ್ಮೆ ಮಾಡಿ."

ಜಿತೇಂದ್ರ ಕದಲಲಿಲ್ಲ.

"ಸಾದಾ ಮುಖ" ಎಂದು ನಿರ್ದೇಶಕ ಮತ್ತೆ ಹೇಳಿದ, ಗೋಡೆಯ ಫೋಟೋ ತೋರಿಸಿ. "ಅದು."

"ಇದೇ ನನ್ನ ಮುಖ ಸಾರ್" ಎಂದ ಜಿತೇಂದ್ರ.

ಅನಘಾ ಎದ್ದು ಗೋಡೆಯಿಂದ ಫೋಟೋ ಕಿತ್ತು ತಂದು ಅವನ ಮುಖದ ಪಕ್ಕ ಹಿಡಿದಳು. ನೋಡುತ್ತ ನೋಡುತ್ತ ಅವಳಿಗೆ ವಿಷಯ ಅರ್ಥವಾಯಿತು. ಕೇಳಿದ್ದಕ್ಕೆಲ್ಲ ಅವನು ಉತ್ತರ ಕೊಟ್ಟ: ಯಾವಾಗ ಆದದ್ದು, ಡಾಕ್ಟರು ಹೇಳಿದ್ದು, ಫೋಟೋ ಮಾಡಿದ ರೀತಿ. ಕಾಗದ ನೋಡಿ ಅವಳು ಮೆತ್ತಗೆ ಕೇಳಿದಳು, "ಕಳರಿ?" ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ.

ನಿರ್ದೇಶಕ ಕುರ್ಚಿಗೆ ಒರಗಿ ಉಸಿರು ಬಿಟ್ಟ. ಅನಘಾ ಹೇಳಿದಳು, "ನಿಮ್ಮ ಅಭಿನಯಕ್ಕೆ ನಾನು ಬೇಡ ಎನ್ನುವುದಿಲ್ಲ ಚೇಟ್ಟಾ. ಈ ಮುಖಕ್ಕೂ ಬೇಡ ಎನ್ನುವುದಿಲ್ಲ. ಆದರೆ ನಾವು ಈ ಮನುಷ್ಯನನ್ನು ಕರೆದದ್ದು, ಈ ಮನುಷ್ಯ ಎಲ್ಲಿಯೂ ಇಲ್ಲ. ನೀವು ಬಂದ ಕೂಡಲೇ ಹೇಳಿದ್ದರೂ ಆಗುತ್ತಿತ್ತು. ನಾಳೆ ಶೂಟಿಂಗಿನಲ್ಲಿ ಇನ್ನೇನು ಮುಚ್ಚಿಡುತ್ತೀರಿ ಅಂತ ನಾನು ಹೇಗೆ ತಿಳಿಯಲಿ?"

ಜಿತೇಂದ್ರ ಕೈಮುಗಿದ. ಜೀವನದಲ್ಲಿ ಯಾರ ಹತ್ತಿರವೂ ಹಾಗೆ ಕೈಮುಗಿದವನಲ್ಲ. ಒಂದು ತಿಂಗಳು ಕಾಯಿರಿ ಎಂದ. ಆ ಪಾತ್ರ ಬೇಡ, ಬೇರೆ ಯಾವುದಾದರೂ ಕೊಡಿ ಎಂದ. ಹೊಡೆತ ತಿಂದು ರಸ್ತೆಯಲ್ಲಿ ಬೀಳುವವನಾದರೂ ಆಗಬಹುದು, ಅವನ ಮುಖ ಯಾರು ನೋಡುತ್ತಾರೆ ಮೇಡಂ ಎಂದ. ಬಾಯಿಯ ಬಲಗಡೆಯಿಂದ ಎಂಜಲು ಇಳಿದದ್ದು ಅವನಿಗೆ ಗೊತ್ತಾಗಲಿಲ್ಲ. ಅನಘಾ ಮೇಜಿನಿಂದ ಒಂದು ಟಿಶ್ಯೂ ತೆಗೆದು ಕೊಟ್ಟಾಗ ಗೊತ್ತಾಯಿತು. ಅವನು ಒರೆಸಿಕೊಂಡು ಹೊರಗೆ ಬಂದ.

ಬೆಂಚಿನಿಂದ ಎದ್ದ ಯಶ್ಮಿತಾ ಅವನ ಜೊತೆ ಬಸ್‌ಸ್ಟ್ಯಾಂಡಿಗೆ ನಡೆದಳು. ಬಸ್ಸು ಕುಂಬಳೆ ದಾಟಿದ ಮೇಲೆ ಅವನೇ ಬಾಯಿಬಿಟ್ಟ.

"ನಾನು ಹೇಳ್ಲಿಲ್ಲ."

"ಗೊತ್ತಾಯ್ತು."

"ಬೇಡಿಕೊಂಡೆ ನಾನು ಅವರ ಹತ್ರ. ಹೆಣದ ಪಾರ್ಟಾದರೂ ಕೊಡಿ ಅಂದೆ."

ಅವಳು ಕಿಟಕಿಯಾಚೆ ನೋಡುತ್ತ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಬಸ್ಸಿನಲ್ಲಿ ಜನರ ಎದುರು ಅವಳು ಹಾಗೆ ಮಾಡಿದ್ದು ಅದೇ ಮೊದಲು. ಅದರಿಂದ ಅವನಿಗೆ ಸಮಾಧಾನವಾಗಲಿಲ್ಲ. ಇಷ್ಟು ಕನಿಕರಕ್ಕೆ ಪಾತ್ರನಾಗುವ ಹಾಗೆ ಆದೆನಲ್ಲ ಎಂದು ಇನ್ನಷ್ಟು ಕುಗ್ಗಿಹೋದ.

ಮನೆಗೆ ಬಂದು ಮಲಗಿದವನು ಏಳಲಿಲ್ಲ. ಮಾತ್ರೆ ಬೇಡವೆಂದ. ಕಣ್ಣಿನ ಹನಿಯ ಬಾಟಲಿಯನ್ನು ಮಂಚದ ಕೆಳಕ್ಕೆ ಉರುಳಿಸಿದ. ಯಶ್ಮಿತಾ ಅಂಟಿಸಿದ ಟೇಪನ್ನು ಅವಳು ಆಚೆ ಹೋದ ಕೂಡಲೇ ಕಿತ್ತುಹಾಕುತ್ತಿದ್ದ. ಕಣ್ಣು ಕೆಂಡವಾಯಿತು. ಹೋದರೆ ಹೋಗಲಿ ಎಂಬ ಒಂದು ಹಟ ಅವನ ಒಳಗೆ ಕುಳಿತಿತ್ತು. ಒಂದು ದಿನ ಅವಳು ಸಹನೆ ಕಳೆದುಕೊಂಡಳು.

"ಕಣ್ಣು ಹೋದ ಮೇಲೆ ಯಾರ ಹತ್ರ ಹೋಗಿ ಫೋಟೋ ತೆಗೆಸ್ತೀರಿ? ಆ ಫೋಟೋ ಕಳಿಸುವಾಗ ನನ್ನ ಹತ್ರ ಕೇಳಿದ್ರಾ? ಮುಖ ಸೊಟ್ಟ ಆದದ್ದು ನಿಮ್ಮ ತಪ್ಪಲ್ಲ. ಇದು ನಿಮ್ಮ ತಪ್ಪು. ಇದು ನೀವೇ ಮಾಡಿಕೊಳ್ಳುವುದು!" ಎಂದು ಕೂಗಿ, ಮಂಚದ ಕೆಳಗೆ ಬಗ್ಗಿ ಬಾಟಲಿ ತೆಗೆದು, ತೊಳೆದು, ಅವನ ತಲೆದಿಂಬಿನ ಪಕ್ಕ ಕುಕ್ಕಿ ಇಟ್ಟು ಹೋದಳು.

ಅದನ್ನು ಬಾಗಿಲಲ್ಲಿ ನಿಂತು ಪೂಜಾಶ್ರೀ ಕೇಳಿಸಿಕೊಂಡಿದ್ದಳು. ತಾಯಿ ಹೋದ ಮೇಲೆ ಒಳಗೆ ಬಂದು ಮಂಚದ ತುದಿಯಲ್ಲಿ ನಿಂತಳು. ಎಷ್ಟೋ ದಿನದಿಂದ ಅವಳು ಅವನ ಎದುರು ಸರಿಯಾಗಿ ಬಂದಿರಲಿಲ್ಲ. ತನ್ನ ಮುಖ ಕಂಡು ಹೆದರುತ್ತಾಳೆಂದು ಅವನು ತಿಳಿದಿದ್ದ.

"ಪಪ್ಪಾ."

"ಎಂತ?"

"ನಾನು ನಗಾಡಿದ್ದಕ್ಕೆ ಆದದ್ದಾ? ಇನ್ನೊಮ್ಮೆ ಮಾಡಿ ಅಂತ ನಾನು ಹೇಳಿದ್ದು. ಹಾಗೆ ಹೇಳಿದ್ದಕ್ಕೆ ಅದು ಅಲ್ಲೇ ನಿಂತದ್ದಾ?"

ಜಿತೇಂದ್ರ ಎದ್ದು ಕುಳಿತ. ಈ ಮಗು ಅಷ್ಟು ದಿನ ಇದನ್ನು ಒಳಗಿಟ್ಟುಕೊಂಡು ಶಾಲೆಗೆ ಹೋಗಿ ಬರುತ್ತಿತ್ತು. ಅವನು ಅವಳನ್ನು ಹತ್ತಿರ ಕರೆದ. ಮಾತು ಸರಿಯಾಗಿ ಬರಲೆಂದು ತುಟಿಯಂಚನ್ನು ಬೆರಳಿನಿಂದ ಹಿಡಿದುಕೊಂಡು ಹೇಳಿದ, "ಅಲ್ಲ ಮಗಾ. ನೀನು ನಗುವ ಮೊದಲೇ ಆಗಿತ್ತು ಅದು. ರಾತ್ರಿ ಮಲಗಿದಲ್ಲೇ ಆದದ್ದು."

"ದೇವರಾಣೆ?"

"ದೇವರಾಣೆ."

ಅವಳು ಅವನ ಬಲಗೆನ್ನೆಯನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದಳು. "ನೋಯ್ತದಾ?" "ಇಲ್ಲ." ಅವಳು ಬಾಟಲಿಯ ಮುಚ್ಚಳ ತೆಗೆದುಕೊಟ್ಟಳು. ಅವನು ಕಣ್ಣಿಗೆ ಹನಿ ಬಿಟ್ಟುಕೊಂಡ.

ಮರುದಿನ ಮುಖ ಮುಚ್ಚಿಕೊಳ್ಳದೆ ಹೊಸಂಗಡಿಗೆ ಹೋದ. ಶಿಹಾಬನಿಗೆ ಸುದ್ದಿ ಮುಟ್ಟಿತ್ತು. "ನನ್ನಿಂದ ಆದದ್ದು ಜಿತ್ತಣ್ಣ. ನನ್ನ ತಲೆಯೇ ಸರಿ ಇಲ್ಲ" ಎಂದು ಕುರ್ಚಿ ಸರಿಸಿದ.

"ನೀನು ಮಾಡ್ಲಾ ಅಂತ ಕೇಳಿದಿ, ಮಾಡು ಅಂತ ನಾನು ಹೇಳಿದೆ. ಅದು ಬಿಡು. ಈಗ ಒಂದು ಫೋಟೋ ತೆಗಿ. ಉಂಟಾದ ಹಾಗೆ."

"ಹೀಗೆಯಾ?"

"ಹೀಗೆ."

ಶಿಹಾಬ್ ದೊಡ್ಡ ದೀಪಗಳನ್ನು ಹಚ್ಚಲಿಲ್ಲ. ರಸ್ತೆ ಕಡೆಯ ಕಿಟಕಿಯ ಪರದೆ ಸರಿಸಿ ಅಲ್ಲಿ ಸ್ಟೂಲು ಹಾಕಿದ. ಹಿಂದೆ ಬರಿಯ ಗೋಡೆ. ಕ್ಯಾಮರಾ ಕಂಡ ಕೂಡಲೇ ಜಿತೇಂದ್ರನ ಎಡಗೆನ್ನೆ ಅಭ್ಯಾಸಬಲದಿಂದ ಏನೋ ಒಂದನ್ನು ಮಾಡಲು ಹೊರಟಿತು.

"ಎಂತ ಮಾಡ್ಬೇಡಿ ಜಿತ್ತಣ್ಣ. ಸುಮ್ಮನೆ ನನ್ನನ್ನು ನೋಡಿ."

ಏನೂ ಮಾಡದೆ ಇರುವುದು ಅವನಿಗೆ ಬಹಳ ಕಷ್ಟವಾಯಿತು. ಶಿಹಾಬ್ ಕಾದ. ಕೆಳಗೆ ಬಸ್ಸುಗಳು ಹಾರ್ನ್ ಹಾಕುತ್ತಿದ್ದವು. ಕೊನೆಗೆ ಜಿತೇಂದ್ರನಿಗೆ ಆಯಾಸವಾಗಿ ಭುಜ ಇಳಿಯಿತು. ಆಗ ಶಿಹಾಬ್ ಗುಂಡಿ ಒತ್ತಿದ.

ಕಂಪ್ಯೂಟರಿನಲ್ಲಿ ಆ ಮುಖ ನೋಡಲು ಜಿತೇಂದ್ರನಿಗೆ ಧೈರ್ಯ ಬೇಕಾಯಿತು. ಚಂದವೇನೂ ಇರಲಿಲ್ಲ. ಆದರೆ ಗುರುತು ಸಿಕ್ಕಿತು. ಬಯೋಡಾಟಾದಿಂದ ಕಳರಿ ತೆಗೆಸಿದ. ಅಜ್ಜಿ, ಕುಡುಕ, ಬ್ರೋಕರ್ ಹಾಗೆಯೇ ಇರಲಿ ಎಂದ. ಕೆಳಗೆ ಒಂದು ಸಾಲು ಸೇರಿಸಿದ: ಮುಖದ ಬಲಭಾಗದ ನರ ಸೋತಿದೆ, ಚಿಕಿತ್ಸೆಯಲ್ಲಿದ್ದೇನೆ, ಗುಣವಾಗಬಹುದು, ಆಗದೆಯೂ ಇರಬಹುದು. ಅದನ್ನು ಅನಘಾಳಿಗೆ ಕಳುಹಿಸಿ, ಮೊದಲಿನದ್ದಕ್ಕೆ ಕ್ಷಮಿಸಿ ಎಂದು ಬರೆದ.

ಉತ್ತರ ಬಂದದ್ದು ಎರಡು ದಿನ ಕಳೆದು. ಫೋಟೋ ಸಿಕ್ಕಿತು. ಜೀಪಿನ ಪಾತ್ರ ಕಾಞಂಗಾಡಿನ ಒಬ್ಬರಿಗೆ ಹೋಗಿದೆ. ಸದ್ಯಕ್ಕೆ ಬೇರೆ ಏನೂ ಇಲ್ಲ. ಮುಖ ಬದಲಾದರೆ ಹೊಸ ಫೋಟೋ ಕಳುಹಿಸಿ.

ಅವನು ಅದನ್ನು ಕನ್ನಡ ಮಾಡಿ ಯಶ್ಮಿತಾಳಿಗೆ ಓದಿ ಹೇಳಿದ. "ಇಲ್ಲ ಅಂತ ಮುಖಕ್ಕೆ ಸರಿಯಾಗಿ ಹೇಳಿದ್ದಾಳಲ್ಲ, ಒಳ್ಳೆಯ ಹುಡುಗಿ" ಎಂದಳು ಅವಳು. ಅವನು ಆ ಸಂಜೆ ಊಟ ಮಾಡಲಿಲ್ಲ.

ನಾಟಕದ ಸೀಸನ್ನು ಅವನಿಲ್ಲದೆಯೇ ನಡೆಯಿತು. ತುಷಾರ್‌ಗೆ ಒಳ್ಳೆಯ ಹೆಸರು ಬಂತು. ಜಿತೇಂದ್ರ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಜೀಪಿಗೆ ಕುಳಿತ. ಪ್ಯಾಸೆಂಜರುಗಳು ಮೊದಮೊದಲು ಅವನ ಮುಖವನ್ನು ಕನ್ನಡಿಯಲ್ಲಿ ಕದ್ದು ನೋಡುತ್ತಿದ್ದರು, ಆಮೇಲೆ ಬಿಟ್ಟರು. ಸಿನೆಮಾದವರು ಕಾರಡ್ಕದ ಕಡೆ ಬಂದು ಶೂಟಿಂಗ್ ಮಾಡಿ ಹೋದರೆಂದು ಯಾರೋ ಹೇಳಿದರು. ಅವನು ಕ್ಲಚ್ ಒತ್ತಿ ಗೇರು ಬದಲಿಸಿದ.

ಏಪ್ರಿಲಿನ ಸುಡುಬಿಸಿಲಿನಲ್ಲಿ ಒಂದು ಮಧ್ಯಾಹ್ನ, ಜೀಪು ತುಂಬ ಜನ ಹೇರಿಕೊಂಡು ವರ್ಕಾಡಿಯಿಂದ ಇಳಿಯುತ್ತಿದ್ದಾಗ ಎದುರಿನಿಂದ ಜಲ್ಲಿ ಲಾರಿಯೊಂದು ಬಂತು. ಸೆಕೆಗೆ ಅವನು ಕಪ್ಪು ಕನ್ನಡಕ ತೆಗೆದು ಮುಂದೆ ಇಟ್ಟಿದ್ದ. ಧೂಳಿನ ಮೋಡ ಒಳಗೆ ನುಗ್ಗಿತು. ಅವನ ಎರಡೂ ಕಣ್ಣು ತಟ್ಟನೆ ಮುಚ್ಚಿ ತೆರೆದವು.

ಜಿತೇಂದ್ರ ಜೀಪನ್ನು ರಸ್ತೆಯ ನಡುವೆಯೇ ನಿಲ್ಲಿಸಿಬಿಟ್ಟ. ಹಿಂದಿನ ಸೀಟಿನಿಂದ ಒಬ್ಬಳು ಮುದುಕಿ ಬೈದಳು, "ಎಂತ ಮಾರಾಯ, ಬ್ರೇಕು ಹಾಕುವ ಕ್ರಮವಾ ಇದು?" ಅವನು ಕನ್ನಡಿಯನ್ನು ತನ್ನ ಕಡೆ ತಿರುಗಿಸಿ ಬಲರೆಪ್ಪೆಯನ್ನು ಇಳಿಸಿ ನೋಡಿದ. ನಿಧಾನವಾಗಿ, ನಡುಗುತ್ತ, ಪೂರ್ತಿ ಅಲ್ಲ, ಆದರೆ ಇಳಿಯಿತು. ಇನ್ನೊಮ್ಮೆ ಇಳಿಸಿದ. ಬಾಯಿ ಇನ್ನೂ ಎಡಕ್ಕೇ ಇತ್ತು.

"ಕಣ್ಣಿಗೆ ಧೂಳು ಬಿತ್ತು ಅಜ್ಜಿ" ಎಂದ.

ಹೊಸಂಗಡಿಯಲ್ಲಿ ಜನರನ್ನು ಇಳಿಸಿ, ಜೀಪನ್ನು ಮರದ ನೆರಳಿಗೆ ಹಾಕಿ, ಧೂಳು ಮೆತ್ತಿದ ಶರ್ಟಿನಲ್ಲೇ ಶಿಹಾಬನ ಮೆಟ್ಟಿಲು ಹತ್ತಿದ. ಶಿಹಾಬ್ ಊಟಕ್ಕೆ ಕುಳಿತಿದ್ದ.

"ಎಂತ ಜಿತ್ತಣ್ಣ, ಯಾರಾದರೂ ಕರೆದ್ರಾ?"

"ಇಲ್ಲ. ಯಾರೂ ಕರೀಲಿಲ್ಲ" ಎಂದು ಜಿತೇಂದ್ರ ಕಿಟಕಿಯ ಹತ್ತಿರ ಹೋಗಿ ಪರದೆ ಸರಿಸಿದ. "ನೀನು ಊಟ ಮುಗಿಸು. ನಾನು ಇಲ್ಲಿ ಕೂತಿರ್ತೇನೆ."